ಗ್ಯಾನ್ ಎರಡನೇ ಸಲ ಚೆಂಡು ಇಟ್ಟಿದ್ದು ಯಾರಿಗೂ ನೆನಪಿಲ್ಲ

ಫುಟ್ಬಾಲ್ ಹುಚ್ಚಿರುವ ನಾಲ್ಕು ಜನ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ತಿರುಗಿ 2010ಕ್ಕೆ ಬಂದು ನಿಲ್ಲುತ್ತದೆ. ದಕ್ಷಿಣ ಆಫ್ರಿಕಾ ವರ್ಲ್ಡ್ ಕಪ್. ಗೆದ್ದಿದ್ದು ಸ್ಪೇನ್, ನಾಕೌಟ್‌ನ ನಾಲ್ಕಕ್ಕೆ ನಾಲ್ಕೂ ಮ್ಯಾಚು 1-0. ಅದರ ಬಗ್ಗೆ ಯಾರೂ ಎರಡು ನಿಮಿಷಕ್ಕಿಂತ ಜಾಸ್ತಿ ಮಾತಾಡುವುದಿಲ್ಲ, ಫೈನಲ್ಲಿನ ಇನಿಯೆಸ್ಟಾ ಗೋಲು ಚೆನ್ನಾಗಿತ್ತು ಅಂತ ತಲೆಯಾಡಿಸಿ ಮುಂದಕ್ಕೆ ಹೋಗುತ್ತಾರೆ.

ಮುಂದಕ್ಕೆ ಅಂದರೆ ವುವುಝೆಲಾಕ್ಕೆ. ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ತೊಂಬತ್ತು ನಿಮಿಷವೂ ಒಂದೇ ಸಮ ಗುಂಯ್ ಅನ್ನುತ್ತಿತ್ತಲ್ಲ, ಆ ಕೊಳವೆ. ಆಗ ಟಿವಿ ಸೌಂಡ್ ಇಳಿಸಿ ಬೈಯುತ್ತಿದ್ದವರೇ ಈಗ "ಅದಿಲ್ಲದೆ ವರ್ಲ್ಡ್ ಕಪ್ ಸಪ್ಪೆ ಕಣೋ" ಅನ್ನುತ್ತಾರೆ. ನಾನಂತೂ ಆಗಲೂ ಬೈಯಲಿಲ್ಲ. ಮೊದಲ ಮ್ಯಾಚಿನಲ್ಲೇ ದಕ್ಷಿಣ ಆಫ್ರಿಕಾದ ಶಬಲಾಲಾ ಮೆಕ್ಸಿಕೊ ವಿರುದ್ಧ ಎಡಗಾಲಿನಿಂದ ಮೇಲಿನ ಮೂಲೆಗೆ ಹೊಡೆದ ಗೋಲಿಗೆ ಆ ಸದ್ದೇ ಸರಿಯಾದ ಹಿನ್ನೆಲೆ. ಆಮೇಲೆ ಆ ಟೂರ್ನಿಯ ಜಬುಲಾನಿ ಅನ್ನುವ ಚೆಂಡು, ಎತ್ತ ತಿರುಗುತ್ತದೋ ಗೊತ್ತಾಗಲ್ಲ ಅಂತ ಗೋಲ್‌ಕೀಪರ್‌ಗಳೆಲ್ಲ ಗೊಣಗಿದ್ದು. ಆಮೇಲೆ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಜರ್ಮನಿಯ ಗೋಲ್ ಲೈನ್ ದಾಟಿ ಒಳಗೆ ಬಿದ್ದಿದ್ದು ಇಡೀ ಜಗತ್ತಿಗೆ ಕಂಡರೂ ರೆಫರಿಗೆ ಕಾಣದೇ ಹೋಗಿದ್ದು. ಆಮೇಲೆ ಪೌಲ್ ಅನ್ನುವ ಆಕ್ಟೋಪಸ್, ಯಾರು ಗೆಲ್ಲುತ್ತಾರೆ ಅಂತ ಎಂಟಕ್ಕೆ ಎಂಟೂ ಮ್ಯಾಚು ಮೊದಲೇ ಸರಿಯಾಗಿ ಹೇಳಿತ್ತು. ನಮ್ಮ ಗುಂಪಿನಲ್ಲಿ ಅಷ್ಟು ಸರಿಯಾಗಿ ಹೇಳಿದವರು ಒಬ್ಬರೂ ಇರಲಿಲ್ಲ.

ಇದೆಲ್ಲ ನಗುತ್ತಾ ಆಗುವ ಮಾತು. ಕೊನೆಗೆ ಯಾರಾದರೂ ಒಬ್ಬರು "ಸುವಾರೆಸ್" ಅಂತಾರೆ. ಅಲ್ಲಿಗೆ ನಗು ಬಂದ್.

ಜುಲೈ 2, ಜೊಹಾನ್ಸ್‌ಬರ್ಗ್‌ನ ಸಾಕರ್ ಸಿಟಿ, ಕ್ವಾರ್ಟರ್ ಫೈನಲ್, ಉರುಗ್ವೆ ಮತ್ತು ಘಾನಾ. ಅಲ್ಲಿಯವರೆಗೆ ಆಫ್ರಿಕಾದ ಯಾವ ತಂಡವೂ ಸೆಮಿಫೈನಲ್ ಮುಟ್ಟಿರಲಿಲ್ಲ. 1990ರಲ್ಲಿ ಕ್ಯಾಮರೂನ್, 2002ರಲ್ಲಿ ಸೆನೆಗಲ್ ಇದೇ ಮೆಟ್ಟಿಲ ತನಕ ಬಂದು ಎಡವಿದ್ದವು. ಮೊದಲರ್ಧ ಮುಗಿಯುವ ಹೊತ್ತಿಗೆ ಘಾನಾದ ಮುಂಟಾರಿ ದೂರದಿಂದ ಬಾರಿಸಿದ ಚೆಂಡು ಒಳಗೆ ಹೋಯಿತು, ಬ್ರೇಕ್ ಆದಮೇಲೆ ಉರುಗ್ವೆಯ ಫೋರ್ಲಾನ್ ಫ್ರೀಕಿಕ್‌ನಲ್ಲಿ ಸಮ ಮಾಡಿದ. ಆ ಟೂರ್ನಿಯಲ್ಲಿ ಜಬುಲಾನಿ ಹೇಳಿದ ಮಾತು ಕೇಳುವ ಹಾಗೆ ಮಾಡಿದವನು ಅವನೊಬ್ಬನೇ ಅಂತ ನನ್ನ ಅಭಿಪ್ರಾಯ. ಟೂರ್ನಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಅವನಿಗೇ ಕೊಟ್ಟರು, ಸರಿಯಾಗೇ ಕೊಟ್ಟರು.

ಎಕ್ಸ್‌ಟ್ರಾ ಟೈಮ್. ಕೊನೇ ಕ್ಷಣ. ಘಾನಾಗೆ ಬಲಗಡೆಯಿಂದ ಒಂದು ಫ್ರೀಕಿಕ್ (ಅದನ್ನು ಕೊಡಲೇಬಾರದಿತ್ತು ಅಂತ ಉರುಗ್ವೆ ಕಡೆಯವರು ಇವತ್ತಿಗೂ ವಾದ ಮಾಡುತ್ತಾರೆ). ಚೆಂಡು ಬಾಕ್ಸ್ ಒಳಗೆ ಬಂತು, ಉರುಗ್ವೆ ಕೀಪರ್ ಮುಸ್ಲೇರಾ ಹಿಡಿಯಲು ಹೋದ, ಸಿಗಲಿಲ್ಲ, ಘಾನಾದ ಅಪ್ಪಿಯಾ ಹೊಡೆದ ಚೆಂಡನ್ನು ಗೋಲ್ ಲೈನ್ ಮೇಲೆ ನಿಂತಿದ್ದ ಉರುಗ್ವೆಯ ಸುವಾರೆಸ್ ಕಾಲಿನಿಂದ ತಡೆದ. ಅದು ತಿರುಗಿ ಮೇಲೆದ್ದಿತು, ಘಾನಾದ ಅಡಿಯಾ ಹೆಡರ್ ಕೊಟ್ಟ. ಈ ಸಲ ಸುವಾರೆಸ್ ಎರಡೂ ಕೈ ಎತ್ತಿ ತಳ್ಳಿಬಿಟ್ಟ. ನೀವು ಆ ಫೋಟೋ ಇನ್ನೊಂದು ಸಲ ನೋಡಿ, ಪಕ್ಕದಲ್ಲಿ ಅವನದೇ ತಂಡದ ಫೂಸಿಲೆ ಕೂಡ ಕೈ ಎತ್ತಿದ್ದಾನೆ. ಅವನ ಕೈಗೆ ಚೆಂಡು ಸಿಕ್ಕಿದ್ದರೆ ಇಷ್ಟು ವರ್ಷ ಬೈಗುಳ ತಿನ್ನುತ್ತಿದ್ದವನೇ ಬೇರೆ!

ರೆಡ್ ಕಾರ್ಡ್, ಪೆನಾಲ್ಟಿ. ಸುವಾರೆಸ್ ಜೆರ್ಸಿಯಲ್ಲಿ ಮುಖ ಮುಚ್ಚಿಕೊಂಡು ಹೊರಟ. ಘಾನಾದ ಅಸಮೋವಾ ಗ್ಯಾನ್ ಹೊಡೆದ ಚೆಂಡು ಕ್ರಾಸ್‌ಬಾರ್‌ಗೆ ತಾಗಿ ಮೇಲೆ ಹಾರಿಹೋಯಿತು. ಟನೆಲ್ ಬಾಗಿಲ ಹತ್ತಿರ ನಿಂತಿದ್ದ ಸುವಾರೆಸ್ ಕುಣಿದ. ಆ ಕುಣಿತವೇ ಎಲ್ಲರಿಗೂ ಉರಿ ಹತ್ತಿಸಿದ್ದು, ಕೈಯಲ್ಲಿ ತಡೆದಿದ್ದಲ್ಲ. ಅವನು ಸುಮ್ನೆ ತಲೆ ತಗ್ಗಿಸಿ ಒಳಗೆ ಹೋಗಿದ್ದರೆ ಅರ್ಧ ಜನ ಅವತ್ತೇ ಮರೆತಿರುತ್ತಿದ್ದರು.

ಇಲ್ಲಿ ಜಗಳ ಶುರು. "ಕಳ್ಳ" ಅನ್ನುವವರು ಒಂದು ಕಡೆ, "ನೀನಾಗಿದ್ದರೆ ಏನು ಮಾಡುತ್ತಿದ್ದೆ" ಅನ್ನುವವರು ಇನ್ನೊಂದು ಕಡೆ. ನಾನು ಎರಡನೇ ಕಡೆ. ಅವನು ರೆಫರಿ ಕಣ್ಣಿಗೆ ಮಣ್ಣೆರಚಲಿಲ್ಲ, ಅಷ್ಟೂ ಜನರ ಎದುರಿಗೆ ತಪ್ಪು ಮಾಡಿದ, ಸಿಕ್ಕಿಬಿದ್ದ, ರೂಲ್ಸ್‌ನಲ್ಲಿ ಬರೆದ ಶಿಕ್ಷೆ ಪೂರ್ತಿ ಅನುಭವಿಸಿದ. ಸೆಮಿಫೈನಲ್‌ನಲ್ಲಿ ಅವನಿಲ್ಲದ ಉರುಗ್ವೆ ನೆದರ್ಲೆಂಡ್ಸ್‌ಗೆ 3-2ರಲ್ಲಿ ಸೋತಿತು. ಶಿಕ್ಷೆ ಕಡಿಮೆಯಾಯಿತು ಅಂತೀರಾ? ಹಾಗಾದರೆ ರೂಲ್ಸ್ ಮೇಲೆ ಸಿಟ್ಟು ಮಾಡಿಕೊಳ್ಳಿ. ರಗ್ಬಿಯಲ್ಲಿ ಫೌಲ್ ಮಾಡಿ ತಡೆಯದಿದ್ದರೆ ಟ್ರೈ (ಅಲ್ಲಿನ ಗೋಲು ಅನ್ನಿ) ಬಹುಶಃ ಆಗುತ್ತಿತ್ತು ಅನ್ನಿಸಿದರೆ ರೆಫರಿ ಅದನ್ನು ಕೊಟ್ಟೇಬಿಡುತ್ತಾನೆ. ಫುಟ್ಬಾಲ್‌ನಲ್ಲಿ ಅಂಥದ್ದಿಲ್ಲ. ಒಳಗೆ ಹೋಗುತ್ತಿದ್ದ ಗೋಲಿಗೆ ಬದಲಾಗಿ ಗೋಲು ಹೊಡೆಯುವ ಅವಕಾಶ ಮಾತ್ರ ಸಿಗುತ್ತದೆ, ಮತ್ತು ಆ ಎರಡರ ನಡುವೆ ಒಂದು ಕ್ರಾಸ್‌ಬಾರ್ ಇದೆ.

ಆದರೆ ನನಗೆ ನಿಜವಾಗಿ ಬೇಜಾರಾಗುವುದು ಬೇರೆ ವಿಷಯಕ್ಕೆ. ಈ ಸುವಾರೆಸ್ ಜಗಳದಲ್ಲಿ ಘಾನಾದವರೇ ಕಥೆಯಿಂದ ಹೊರಗೆ ಹೋಗಿಬಿಟ್ಟಿದ್ದಾರೆ. ಗ್ಯಾನ್ ಅಂದರೆ ಪೆನಾಲ್ಟಿ ಕಳೆದುಕೊಂಡವನು, ಅಷ್ಟೇ. ಅದೇ ಟೂರ್ನಿಯಲ್ಲಿ ಸೆರ್ಬಿಯಾ ವಿರುದ್ಧ ಒಂದು, ಆಸ್ಟ್ರೇಲಿಯಾ ವಿರುದ್ಧ ಒಂದು ಪೆನಾಲ್ಟಿ ಹೊಡೆದು ತಂಡವನ್ನು ಗುಂಪು ಹಂತ ದಾಟಿಸಿದವನು ಅವನೇ. ಪ್ರೀಕ್ವಾರ್ಟರ್‌ನಲ್ಲಿ ಅಮೆರಿಕ ವಿರುದ್ಧ ಎಕ್ಸ್‌ಟ್ರಾ ಟೈಮಿನ ಗೋಲೂ ಅವನದೇ.

ಅದಕ್ಕಿಂತ ದೊಡ್ಡದು ಆಮೇಲೆ ನಡೆದದ್ದು. ಚೆಂಡು ಬಾರ್‌ಗೆ ಬಡಿದು ಹೋದಮೇಲೆ ಮ್ಯಾಚ್ ಮುಗಿಯಿತು, ಇನ್ನು ಎರಡೂ ಕಡೆಯವರು ಸರದಿಯಲ್ಲಿ ಪೆನಾಲ್ಟಿ ಹೊಡೆಯುವ ಶೂಟೌಟ್. ಫೋರ್ಲಾನ್ ಹೊಡೆದ. ಘಾನಾ ಪರವಾಗಿ ಮೊದಲು ಬಂದವನು ಯಾರು ಹೇಳಿ? ಗ್ಯಾನ್. ಕೆಲವೇ ನಿಮಿಷದ ಹಿಂದೆ ಇಡೀ ಖಂಡದ ಕನಸು ಅವನ ಕಾಲಿನಿಂದ ಜಾರಿಹೋಗಿತ್ತು, ಬೇರೆ ಯಾರಾದರೂ ಆಗಿದ್ದರೆ "ನನ್ನ ಕೈಲಾಗಲ್ಲ, ಇನ್ಯಾರಾದರೂ ಹೋಗಿ" ಅಂತ ನಡುಮೈದಾನದಲ್ಲೇ ಕೂತಿರುತ್ತಿದ್ದರು. ಇವನು ಬಂದು, ಅದೇ ಮುಸ್ಲೇರಾ ಎದುರು ಚೆಂಡಿಟ್ಟು, ಮೇಲಿನ ಮೂಲೆಗೇ ಬಾರಿಸಿದ. ಯಾವುದು ಒಂದಿಷ್ಟು ಮೇಲೆ ಹೋಗಿ ಕೈಕೊಟ್ಟಿತ್ತೋ ಅದೇ ಥರದ ಹೊಡೆತ! ಎಷ್ಟೋ ಸಲ ಕೇಳಿದ್ದೇನೆ, ಆ ರಾತ್ರಿಯ ಬಗ್ಗೆ ಗಂಟಲು ಹರಿಯುವ ಹಾಗೆ ವಾದಿಸುವವರಿಗೂ ಇದು ನೆನಪಿರುವುದಿಲ್ಲ. "ಹೌದಾ? ಅವನೇ ಹೊಡೆದನಾ?" ಅಂತಾರೆ. ಶೂಟೌಟ್ ಅಂದರೆ ಅವರಿಗೆ ಉರುಗ್ವೆಯ ಅಬ್ರೆಯು ಕೊನೆಗೆ ಚೆಂಡನ್ನು ಮೆಲ್ಲಗೆ ಚಿಮ್ಮಿ ಗೋಲಿನ ನಡುವಿಗೆ ಹಾಕಿ ಗೆಲ್ಲಿಸಿದ್ದು ಮಾತ್ರ.

ಅಡಿಯಾ ಕಥೆ ಇನ್ನೂ ಪಾಪ. 2009ರಲ್ಲಿ ಘಾನಾ 20 ವರ್ಷದೊಳಗಿನವರ ವರ್ಲ್ಡ್ ಕಪ್ ಗೆದ್ದಾಗ ಆ ಟೂರ್ನಿಯ ಅತ್ಯುತ್ತಮ ಆಟಗಾರ ಅವನು. ಮರುವರ್ಷ ಈ ಮ್ಯಾಚ್. ಸುವಾರೆಸ್ ಕೈ ಅಡ್ಡ ಬರದಿದ್ದರೆ ಆಫ್ರಿಕಾವನ್ನು ಮೊದಲ ಸಲ ಸೆಮಿಫೈನಲ್‌ಗೆ ಕರೆದೊಯ್ದ ಹೆಡರ್ ಅವನ ಹೆಸರಿಗೆ ಬರುತ್ತಿತ್ತು. ಅದು ಹೋಯಿತು. ಶೂಟೌಟ್‌ನಲ್ಲಿ ಉರುಗ್ವೆಯ ಪೆರೇರಾ ಚೆಂಡನ್ನು ಬಾರ್ ಮೇಲೆ ಹಾರಿಸಿ ಘಾನಾಗೆ ಮತ್ತೆ ಜೀವ ಕೊಟ್ಟ. ಮುಂದಿನ ಕಿಕ್ ಅಡಿಯಾದು, ಮುಸ್ಲೇರಾ ತಡೆದ. ಒಂದೇ ರಾತ್ರಿ ಎರಡು ಸಲ. ಅವನ ಹೆಸರು ಹೇಳಿದರೆ ಇವತ್ತು ಹತ್ತರಲ್ಲಿ ಎಂಟು ಜನ "ಯಾರು?" ಅಂತಾರೆ.

ಹನ್ನೆರಡು ವರ್ಷ ಆದಮೇಲೆ ಕತಾರ್‌ನಲ್ಲಿ ಇವೇ ಎರಡು ತಂಡ ಮತ್ತೆ ಎದುರಾದವು, 2022ರ ಡಿಸೆಂಬರ್ 2, ಗುಂಪಿನ ಕೊನೇ ಮ್ಯಾಚು. ಹಿಂದಿನ ದಿನ ಸುವಾರೆಸ್ ಕ್ಷಮೆ ಕೇಳುವುದಿಲ್ಲ ಅಂದ, ಪೆನಾಲ್ಟಿ ಕಳೆದುಕೊಂಡದ್ದು ನಾನಲ್ಲವಲ್ಲ ಅನ್ನುವ ಅರ್ಥದಲ್ಲಿ. ಮಾತಿನಲ್ಲಿ ತಪ್ಪಿಲ್ಲ, ಹೇಳಿದ ಧಾಟಿ ಮಾತ್ರ ಅವನದೇ. ಘಾನಾಗೆ ಮತ್ತೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ಬಂದವನು ಆಂಡ್ರೆ ಆಯ್ಯೂ. 2010ರ ತಂಡದಲ್ಲಿದ್ದ, ಆದರೆ ಸಸ್ಪೆನ್ಷನ್ ಇದ್ದಿದ್ದರಿಂದ ಆ ಕ್ವಾರ್ಟರ್ ಫೈನಲ್ ಹೊರಗೆ ಕೂತು ನೋಡಿದವನು. ಇವನಾದರೂ ಲೆಕ್ಕ ಚುಕ್ತಾ ಮಾಡುತ್ತಾನೆ ಅಂದುಕೊಂಡರೆ ಕೀಪರ್ ರೊಚೆಟ್ ತಡೆದುಬಿಟ್ಟ. ಅರಸ್ಕೇಟಾ ಎರಡು ಗೋಲು, ಉರುಗ್ವೆ 2-0.

ಅಷ್ಟರಲ್ಲಿ ಇನ್ನೊಂದು ಮೈದಾನದಲ್ಲಿ ಅದೇ ಗುಂಪಿನ ದಕ್ಷಿಣ ಕೊರಿಯಾ ಇಂಜುರಿ ಟೈಮಿನಲ್ಲಿ ಪೋರ್ಚುಗಲ್ ವಿರುದ್ಧ ಗೋಲು ಹೊಡೆದು 2-1 ಮಾಡಿತು. ಉರುಗ್ವೆಗೂ ಕೊರಿಯಾಕ್ಕೂ ಪಾಯಿಂಟ್ ಸಮ, ಗೋಲ್ ವ್ಯತ್ಯಾಸವೂ ಸಮ, ಹೊಡೆದ ಗೋಲುಗಳು ಮಾತ್ರ ಕೊರಿಯಾದ್ದು ಜಾಸ್ತಿ. ಮುಂದಿನ ಹಂತಕ್ಕೆ ಹೋಗಲು ಉರುಗ್ವೆಗೆ ಇನ್ನೊಂದೇ ಒಂದು ಗೋಲು ಬೇಕಿತ್ತು. ಸುವಾರೆಸ್ ಅಷ್ಟೊತ್ತಿಗೆ ಬದಲಿ ಆಟಗಾರನಿಗೆ ಜಾಗ ಬಿಟ್ಟು ಬೆಂಚ್ ಮೇಲೆ ಜೆರ್ಸಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಸೋತು ಮನೆಗೆ ಹೊರಟಿದ್ದ ಘಾನಾ, ಇವರನ್ನೂ ಜೊತೆಗೆ ಕರೆದುಕೊಂಡೇ ಹೊರಟಿತು. ನಮ್ಮಲ್ಲಿ "ಕಳ್ಳ" ಪಕ್ಷದವರು ಅವತ್ತು ಮಾಡಿದ ಗಲಾಟೆ ಕೇಳಬೇಕಿತ್ತು, ಅವರೇ ಕಪ್ ಗೆದ್ದ ಹಾಗೆ. ಆಫ್ರಿಕಾದ ಸೆಮಿಫೈನಲ್ ಬಾಗಿಲನ್ನು ಅದೇ ಟೂರ್ನಿಯಲ್ಲಿ ಮೊರಾಕೊ ಮುರಿಯಿತು ಅನ್ನುವುದಕ್ಕಿಂತ ಅವರಿಗೆ ಸುವಾರೆಸ್ ಅತ್ತಿದ್ದೇ ದೊಡ್ಡ ಖುಷಿ.

ತಮಾಷೆ ಏನು ಗೊತ್ತಾ, ಆ ಮ್ಯಾಚ್ ಮುಗಿದಾಗ ಅನ್ಯಾಯ ಅಂತ ರೆಫರಿಯನ್ನು ಮುತ್ತಿಕೊಂಡಿದ್ದು ಉರುಗ್ವೆಯವರು. ತಮಗೆ ಪೆನಾಲ್ಟಿ ಕೊಡಲಿಲ್ಲವಂತೆ. ಕವಾನಿ ಅಂತೂ ಒಳಗೆ ಹೋಗುವ ದಾರಿಯಲ್ಲಿ ರೆಫರಿ ವಿಡಿಯೋ ನೋಡುವ ವಿಎಆರ್ ಪರದೆಯನ್ನೇ ಕೆಡವಿಹಾಕಿ ಹೋದ.