ಕವಿತೆ ಬರೆದರೆ ಏನಾದರೂ ಬದಲಾಗುತ್ತದೆಯೇ?

ಕೆಲವು ವರ್ಷಗಳಿಂದ ಬರವಣಿಗೆಯ ಸಣ್ಣ ಗುಂಪೊಂದನ್ನು ನಡೆಸುತ್ತಿರುವ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಇದು: ಕವಿತೆ ಬರೆಯುವುದರಿಂದ ಮನುಷ್ಯರಾಗಲಿ ಸಮಾಜವಾಗಲಿ ನಿಜಕ್ಕೂ ಬದಲಾಗುವುದುಂಟೇ? ಉಂಟು ಎಂದೇ ನನ್ನ ಉತ್ತರ. ಆದರೆ ಆ ಬದಲಾವಣೆ ಮೊಳೆಯುವ ಜಾಗ ಬಹಳ ಚಿಕ್ಕದು; ಕೆಲವೊಮ್ಮೆ ಒಂದು ಕ್ರಿಯಾಪದದಷ್ಟೇ ಇರುತ್ತದೆ.

ಗುಂಪಿಗೆ ಬರುತ್ತಿದ್ದ ಮಧ್ಯವಯಸ್ಸಿನ ಹೆಣ್ಣುಮಗಳೊಬ್ಬರು ಬಾಲ್ಯವನ್ನು ನೆನೆಯುತ್ತಾ ‘ಏಳನೆಯ ತರಗತಿಗೆ ನನ್ನ ಓದು ನಿಂತುಹೋಯಿತು’ ಎಂದು ಬರೆದಿದ್ದರು. ಮಳೆ ನಿಂತಂತೆ, ಗಡಿಯಾರ ನಿಂತಂತೆ, ಆ ಸಾಲಿನಲ್ಲಿ ಓದೂ ತಾನಾಗಿಯೇ ನಿಂತಿತ್ತು. ಅದನ್ನು ಕವಿತೆಯಾಗಿಸಲು ಹೊರಟಾಗ ಸಾಲು ಯಾಕೋ ಸಪ್ಪೆಯೆನಿಸಿ ಮೂರು ನಾಲ್ಕು ಸಲ ತಿದ್ದಿದರು. ಕೊನೆಗೆ ‘ನಿಂತುಹೋಯಿತು’ ಎಂಬುದರ ಮೇಲೆ ಗೀಟೆಳೆದು ‘ನಿಲ್ಲಿಸಿದರು’ ಎಂದು ಬರೆದು, ಪೆನ್ನು ಕೆಳಗಿಟ್ಟು, ಬಹಳ ಹೊತ್ತು ಸುಮ್ಮನೆ ಕುಳಿತರು. ಮೂವತ್ತು ವರ್ಷ ನಿಲ್ಲಿಸಿದವರ ಸುಳಿವೇ ಇಲ್ಲದೆ ಮನಸ್ಸಿನಲ್ಲಿ ಉಳಿದಿದ್ದ ವಾಕ್ಯ ಅಂದು ಪೂರ್ತಿಯಾಯಿತು. ಮಾಡಿದವರನ್ನು ಮರೆಯಲ್ಲಿಡುವುದು ನಮ್ಮ ಭಾಷೆಯಲ್ಲಿ ಸುಲಭ: ಪೆಟ್ಟು ಬಿತ್ತು, ಕೆಲಸ ಹೋಯಿತು, ಹೇಗೋ ಎಲ್ಲ ಮುಗಿಯಿತು. ದಿನದ ಮಾತಿನಲ್ಲಿ ಇಂಥವು ಯಾರ ಕಿವಿಗೂ ತಾಕದೆ ದಾಟಿಹೋಗುತ್ತವೆ. ಒಂದೊಂದು ಪದವನ್ನೂ ತೂಗಿ ಇಡಬೇಕಾದ ಕವಿತೆಯಲ್ಲಿ ಮಾತ್ರ ಹುಸಿ ಪದ ಮುಳ್ಳಿನಂತೆ ಚುಚ್ಚುತ್ತದೆ.

ಬರೆದರೆ ನೋವು ಕಡಿಮೆಯಾಗುತ್ತದೆಯೇ ಎಂದೂ ಕೇಳುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ತಮ್ಮ ಅತಿ ಕಹಿಯಾದ ಅನುಭವವನ್ನು, ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರ ಮನಸ್ಸು ಬರೆದ ಕೂಡಲೇ ಇನ್ನಷ್ಟು ಕುಗ್ಗಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಇಂಥ 146 ಅಧ್ಯಯನಗಳನ್ನು 2006ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಕಂಡ ಸರಾಸರಿ ಪ್ರಯೋಜನ ಸಣ್ಣದೇ. ಹಾಗಾಗಿ ಬರವಣಿಗೆಯೇ ಮದ್ದು ಎಂದು ನಾನು ಯಾರಿಗೂ ಹೇಳುವುದಿಲ್ಲ, ಹಸಿ ಗಾಯವನ್ನು ಬರೆಯಿರೆಂದು ಒತ್ತಾಯಿಸುವುದೂ ಇಲ್ಲ.

ಒಬ್ಬರು ಬರೆದದ್ದು ಹಲವರದಾಗಬೇಕಾದರೆ ಅದನ್ನು ಕಿವಿಗೊಟ್ಟು ಕೇಳುವವರು ಬೇಕು. ರಷ್ಯಾದ ಕವಿ ಅನ್ನಾ ಅಖ್ಮತೋವಾ, ಸ್ಟಾಲಿನ್ ಆಳ್ವಿಕೆಯಲ್ಲಿ ಬಂಧನದಲ್ಲಿದ್ದ ಮಗನಿಗಾಗಿ ಲೆನಿನ್‌ಗ್ರಾಡ್‌ನ ಸೆರೆಮನೆಯ ಹೊರಗೆ 17 ತಿಂಗಳು ಸಾಲಿನಲ್ಲಿ ನಿಂತವರು. ಅಲ್ಲಿ ಅವರ ಹಿಂದಿದ್ದ, ಚಳಿಗೆ ತುಟಿ ನೀಲಿಗಟ್ಟಿದ್ದ ಹೆಂಗಸೊಬ್ಬಳು, ಇದನ್ನು ವರ್ಣಿಸಬಲ್ಲಿರಾ ಎಂದು ಪಿಸುದನಿಯಲ್ಲಿ ಕೇಳಿದಳು. ಬಲ್ಲೆ ಎಂದರು ಅಖ್ಮತೋವಾ. ಹಾಗೆ ಹುಟ್ಟಿದ ಕವಿತೆಗಳನ್ನು ಕಾಗದದಲ್ಲಿ ಇಟ್ಟುಕೊಳ್ಳುವುದೇ ಅಪಾಯವಾಗಿದ್ದುದರಿಂದ ಗೆಳತಿಯರು ಬಾಯಿಪಾಠ ಮಾಡಿಕೊಂಡರು, ಬರೆದ ಚೀಟಿಯನ್ನು ಅಖ್ಮತೋವಾ ಸುಟ್ಟರು. ಆ ದೇಶದಲ್ಲಿ ಅವು ಅಚ್ಚಾದದ್ದು 1987ರಲ್ಲಿ, ಕವಿ ತೀರಿಕೊಂಡು ಎರಡು ದಶಕಗಳಾದ ಮೇಲೆ. ಅವು ಸೆರೆಮನೆಯ ಬಾಗಿಲನ್ನು ತೆರೆಯಲಿಲ್ಲ, ನಿಜ. ಆದರೆ ಹೆಸರಿಲ್ಲದೆ ನಿಂತಿದ್ದ ಆ ಸಾಲಿಗೆ, ತಮಗಾದದ್ದು ಆಗಿತ್ತೆಂದು ಹೇಳುವ ಸಾಕ್ಷಿಯೊಂದು ದೊರಕಿತು. ಅದನ್ನು ಕಾಪಾಡಿದ್ದು ಕೇಳಿದವರ ನೆನಪು.

ನಮ್ಮ ಗುಂಪಿನಲ್ಲಿಯೂ ಆ ಹೆಣ್ಣುಮಗಳು ತಿದ್ದಿದ ಸಾಲನ್ನು ಓದಿದ ದಿನ ಯಾರೂ ಹೊಗಳಲಿಲ್ಲ. ಮೂಲೆಯಲ್ಲಿದ್ದ ಒಬ್ಬರು ‘ನನ್ನದನ್ನೂ ನಿಲ್ಲಿಸಿದರು’ ಎಂದರು, ಆಮೇಲೆ ಇನ್ನೊಬ್ಬರು. ತಮ್ಮ ಹಣೆಬರಹವೆಂದು ಒಬ್ಬೊಬ್ಬರೇ ಹೊತ್ತಿದ್ದುದು ಯಾರೋ ತೆಗೆದುಕೊಂಡ ತೀರ್ಮಾನವೆಂದು ಅಂದು ಎಲ್ಲರಿಗೂ ಒಟ್ಟಿಗೆ ಕಂಡಿತು. ಅವರಲ್ಲಿ ಇಬ್ಬರು ಮರುವರ್ಷ ಪರೀಕ್ಷೆಗೆ ಕಟ್ಟಿದರು. ಮನೆಯಲ್ಲಿ ತನ್ನ ಮಗಳ ಶಾಲೆ ನಿಲ್ಲುವ ಮಾತು ಬಂದಾಗ, ಸಾಲು ತಿದ್ದಿದ್ದ ಆಕೆ ‘ತಾನಾಗಿ ನಿಲ್ಲುತ್ತಿದೆಯೇ, ಯಾರಾದರೂ ನಿಲ್ಲಿಸುತ್ತಿದ್ದೀರಾ?’ ಎಂದು ಎಲ್ಲರ ಎದುರಿಗೇ ಕೇಳಿದರಂತೆ. ಆ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ.