ಐವತ್ತಮೂರನೆಯ ನಿಮಿಷ

ಕ್ಲಿನಿಕ್ಕಿಗೆ ಹೊಸದಾಗಿ ಸೇರಿದ ಸಹಾಯಕಿಗೆ ಕೊಡಲೆಂದು ಬಿಲ್ಲಿಂಗಿನ ಮುಖ್ಯ ಕೋಡುಗಳನ್ನು ಮೊನ್ನೆ ಮನೆಯಲ್ಲಿ ಕುಳಿತು ಒಂದು ಹಾಳೆಯಲ್ಲಿ ಬರೆಯುತ್ತಿದ್ದೆ. ಪಕ್ಕದಲ್ಲಿದ್ದ ಮಗ ಅದನ್ನು ಓದಿ, "ಅಮ್ಮಾ, ಐವತ್ತೆರಡು ನಿಮಿಷ ಅತ್ತರೆ ಒಂದು ರೇಟು, ಐವತ್ತಮೂರು ನಿಮಿಷ ಅತ್ತರೆ ಬೇರೆ ರೇಟಾ?" ಎಂದು ಕೇಳಿದ. ನಾನು ನಕ್ಕುಬಿಟ್ಟೆನಾದರೂ ಆ ಮಾತು ಚುಚ್ಚಿತು. ಕಾಸರಗೋಡಿನ ಬದಿಯಡ್ಕದ ಕಡೆಯಿಂದ ಅಮೆರಿಕದ ನ್ಯೂಜೆರ್ಸಿಗೆ ಬಂದು, ಮನೋಚಿಕಿತ್ಸೆಯ ಒಂದು ಸಣ್ಣ ಖಾಸಗಿ ಕ್ಲಿನಿಕ್ಕಿನಲ್ಲಿ ವಿಮೆಯ ಲೆಕ್ಕ ನೋಡಿಕೊಳ್ಳುತ್ತಿರುವ ನನ್ನ ಕೆಲಸವನ್ನು ಇಷ್ಟು ಚಿಕ್ಕದಾಗಿ, ಇಷ್ಟು ನಿರ್ದಯವಾಗಿ ಯಾರೂ ಹೇಳಿರಲಿಲ್ಲ.

ಅವನು ಓದಿದ್ದರಲ್ಲಿ ತಪ್ಪಿರಲಿಲ್ಲ. ವಿಮಾ ಕಂಪೆನಿಯಿಂದ ಹಣ ಕೇಳಿ ಕಳುಹಿಸುವ ಕ್ಲೈಮಿನಲ್ಲಿ 16ರಿಂದ 37 ನಿಮಿಷದ ಚಿಕಿತ್ಸೆಗೆ 90832 ಎಂಬ ಕೋಡು, 38ರಿಂದ 52 ನಿಮಿಷಕ್ಕೆ 90834, 53 ನಿಮಿಷ ಮತ್ತು ಅದಕ್ಕಿಂತ ಹೆಚ್ಚಾದರೆ 90837 ಎಂಬುದು ಇಲ್ಲಿನ ಕ್ರಮ. ಹದಿನಾರು ನಿಮಿಷ ತುಂಬುವ ಮೊದಲೇ ಎದ್ದು ಹೋದವರಿಗೆ ಈ ಮೂರರಲ್ಲಿ ಯಾವುದನ್ನೂ ಹಾಕುವಂತಿಲ್ಲ. ಕ್ಯಾಲೆಂಡರಿನಲ್ಲಿ ಒಂದು ಗಂಟೆ ಕಾದಿರಿಸಿದ ಮಾತ್ರಕ್ಕೆ ಒಂದು ಗಂಟೆಯ ಕೋಡು ದಕ್ಕುವುದಿಲ್ಲ. ಚಿಕಿತ್ಸೆ ಎಷ್ಟು ಹೊತ್ತಿಗೆ ಆರಂಭವಾಯಿತು, ಎಷ್ಟು ಹೊತ್ತಿಗೆ ಮುಗಿಯಿತು ಎಂಬುದನ್ನು ಥೆರಪಿಸ್ಟ್ ಅಂದೇ ತನ್ನ ಟಿಪ್ಪಣಿಯಲ್ಲಿ ಬರೆದಿರಬೇಕು. ಪ್ರತಿ ಸಲವೂ 90837 ಹಾಕುವವರ ಮೇಲೆ ವಿಮಾ ಕಂಪೆನಿಗಳ ಕಣ್ಣು ಇದ್ದೇ ಇರುತ್ತದೆ. ತಪಾಸಣೆಗೆ ಬಂದಾಗ ಟಿಪ್ಪಣಿಯಲ್ಲಿ ವೇಳೆ ಕಾಣದಿದ್ದರೆ, ಎಂದೋ ಕೊಟ್ಟ ಹಣವನ್ನೂ ಹಿಂದಕ್ಕೆ ಕೇಳುತ್ತವೆ.

ಮಗನಿಗೆ ನಾನು ಹೇಳಲು ಪ್ರಯತ್ನಿಸಿದ್ದು ಇಷ್ಟೆ: ಈ ಗಡಿಯಾರ ಅಳುವವರನ್ನು ಅಳೆಯುವುದಕ್ಕಲ್ಲ, ಬಿಲ್ಲು ಕಳುಹಿಸುವವರನ್ನು ಹಿಡಿದಿಡುವುದಕ್ಕೆ. ಕ್ಲೈಮಿನಲ್ಲಿ ಒಂದು ಅಂಕೆ ತಪ್ಪಿದರೆ ಮೊದಲು ನಷ್ಟವಾಗುವುದು ಕ್ಲಿನಿಕ್ಕಿಗಾದರೂ, ತಿಂಗಳುಗಳ ಬಳಿಕ "ಇಷ್ಟು ಡಾಲರ್ ನೀವು ಕೊಡಬೇಕಾಗಬಹುದು" ಎಂಬ ಕಾಗದ ಹೋಗಿ ಬೀಳುವುದು ಈಗಷ್ಟೇ ರಾತ್ರಿ ನಿದ್ದೆ ಮಾಡಲು ಕಲಿಯುತ್ತಿರುವ ಮನುಷ್ಯನ ಅಂಚೆಪೆಟ್ಟಿಗೆಗೆ. ಆತಂಕಕ್ಕೆ ಚಿಕಿತ್ಸೆ ಪಡೆಯುತ್ತಿರುವವರಿಗೆ ಹೊಸ ಆತಂಕವನ್ನು ಲಕೋಟೆಯಲ್ಲಿ ಹಾಕಿ ಕಳುಹಿಸುವುದಕ್ಕಿಂತ ದೊಡ್ಡ ಅಪಚಾರ ಈ ವೃತ್ತಿಯಲ್ಲಿ ಇಲ್ಲವೆಂದು ನನ್ನ ಅಭಿಪ್ರಾಯ. ಅವನಿಗೆ ಇದು ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ನಿಮಿಷಗಳಿಗಿಂತ ಹೆಚ್ಚು ತೊಂದರೆ ಕೊಡುವುದು ಹೆಸರು. ವಿಮೆಯ ಕಾರ್ಡಿನಲ್ಲಿ ಇರುವಂತೆಯೇ ಹೆಸರು, ಜನ್ಮದಿನಾಂಕ, ಸದಸ್ಯತ್ವದ ಸಂಖ್ಯೆ ಕ್ಲೈಮಿನಲ್ಲಿ ಇರದಿದ್ದರೆ ಅದು ಪರಿಶೀಲನೆಯವರೆಗೂ ಹೋಗದೆ ಬಾಗಿಲಿನಿಂದಲೇ ಹಿಂದಿರುಗುತ್ತದೆ. ನಮ್ಮ ಕಡೆಯವರ ಹೆಸರುಗಳಂತೂ ಕೇಳುವುದೇ ಬೇಡ. ಮುಂದೆ ಊರಿನದೊಂದು, ತಂದೆಯದೊಂದು ಇನಿಶಿಯಲ್. ಪಾಸ್‌ಪೋರ್ಟಿಗೆ ಬರುವಾಗ ಅದು ಹಿಗ್ಗಿ ಕೊನೆಗೆ ಹೋಗಿ ಕೂರುತ್ತದೆ. ಪಾಸ್‌ಪೋರ್ಟಿನಲ್ಲಿ ಹೆಸರು ಎರಡು ಭಾಗವಾಗಿ ಇಲ್ಲದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು, ಅಂದರೆ ಮೊದಲ ಹೆಸರು ಗೊತ್ತಿಲ್ಲವೆಂದು ಅಚ್ಚಾಗುತ್ತದೆ. ಅದೇ ಮುಂದೆ ನೌಕರಿಯ ದಾಖಲೆಗೂ ವಿಮೆಯ ಕಾರ್ಡಿಗೂ ಹತ್ತಿಕೊಂಡು ಬಿಡುತ್ತದೆ. ಇಂಥ ಕಾರ್ಡನ್ನು ಕೈಗೆ ಕೊಟ್ಟಾಗ ಇಲ್ಲಿಯವರು ಗಾಬರಿಯಾಗುತ್ತಾರೆ, ನಾನು ಆಗುವುದಿಲ್ಲ. ಕಾಸರಗೋಡಿನವಳಿಗೆ ಇದೇನು ಹೊಸತೆ?

1956ರ ನವೆಂಬರ್ 1ರಂದು ನಮ್ಮ ತಾಲೂಕು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿದ ಮೇಲೆ, ಒಂದೇ ಮನೆಯ ಕಪಾಟಿನಲ್ಲಿ ಎರಡು ಲಿಪಿಯ ಕಾಗದಗಳು ಸೇರಿಕೊಂಡವು. ಅಜ್ಜನ ಹೆಸರು ತೋಟದ ಹಳೆಯ ದಾಖಲೆಯಲ್ಲಿ ಕನ್ನಡದಲ್ಲಿ ಒಂದು ರೀತಿ, ರೇಶನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಇನ್ನೊಂದು ರೀತಿ. ಆಧಾರ್ ಬಂದ ಮೇಲೆ ಇಂಗ್ಲಿಷಿನಲ್ಲಿ ಮೂರನೆಯ ರೀತಿ. ಈ ಮೂವರೂ ಒಬ್ಬನೇ ಮನುಷ್ಯನೆಂದು ದೃಢಪತ್ರ ಪಡೆಯುವುದಕ್ಕಾಗಿ ಅಪ್ಪ ಗ್ರಾಮ ಕಚೇರಿಗೆ ನಡೆದದ್ದನ್ನು ನೋಡುತ್ತಾ ಬೆಳೆದವಳು ನಾನು. ಹೊರಡುವ ಮೊದಲು ಅವರು ಚಾವಡಿಯಲ್ಲಿ ಕಾಗದಗಳನ್ನೆಲ್ಲ ಸಾಲಾಗಿ ಹರಡಿ, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿಸುತ್ತಿದ್ದರು. ಇಂದು ಹೊಸಬರ ಕಾರ್ಡಿನ ಎರಡೂ ಬದಿಯ ಪ್ರತಿ ತೆಗೆದು, ಚಾಲನಾ ಪರವಾನಗಿಯ ಪಕ್ಕದಲ್ಲಿಟ್ಟು, ಮೊದಲ ಭೇಟಿಗೆ ಮುಂಚೆಯೇ ಹೋಲಿಸಿ ನೋಡುವಾಗ ನನ್ನ ಬೆರಳೂ ಹಾಗೆಯೇ ಓಡುತ್ತದೆ. ಗಡಿನಾಡಿನಲ್ಲಿ ಹುಟ್ಟಿದ್ದಕ್ಕೆ ಹೆಮ್ಮೆಪಡಲು ಇದೂ ಒಂದು ಕಾರಣವೆಂದರೆ ಊರಿನವರು ನಗಬಹುದು.

ಉಳಿದವು ಅಭ್ಯಾಸದ ಮಾತು. ಹೆಚ್ಚಿನ ಪಾಲಿಸಿಗಳಲ್ಲಿ ಜನವರಿ ಬಂತೆಂದರೆ ಡಿಡಕ್ಟಿಬಲ್, ಅಂದರೆ ಕಂಪೆನಿ ಕೈಬಿಚ್ಚುವ ಮೊದಲು ರೋಗಿಯೇ ಕಟ್ಟಬೇಕಾದ ಮೊತ್ತ, ಮತ್ತೆ ಸೊನ್ನೆಯಿಂದ ಶುರುವಾಗುವುದರಿಂದ, ಆ ತಿಂಗಳು ಹಳಬರ ವಿಮೆಯನ್ನೂ ಹೊಸದಾಗಿ ವಿಚಾರಿಸಬೇಕು. ವೀಡಿಯೊ ಮೂಲಕ ಮಾತನಾಡಿದವರು ಮನೆಯಲ್ಲಿದ್ದರೆ ಸ್ಥಳದ ಕೋಡು 10, ಕಚೇರಿಯ ಊಟದ ಬಿಡುವಿನಲ್ಲಿ ಅಲ್ಲಿಂದಲೇ ಮಾತನಾಡಿದ್ದರೆ 02, ನಮ್ಮಲ್ಲಿಗೇ ಬಂದಿದ್ದರೆ 11. ತಂದೆ, ತಾಯಿ ಇಬ್ಬರ ವಿಮೆಯಲ್ಲೂ ಮಗುವಿನ ಹೆಸರಿದ್ದರೆ ಸಾಮಾನ್ಯವಾಗಿ ವರ್ಷದಲ್ಲಿ ಯಾರ ಹುಟ್ಟುಹಬ್ಬ ಮೊದಲು ಬರುತ್ತದೋ ಅವರ ವಿಮೆಗೆ ಮೊದಲು ಕ್ಲೈಮು ಹೋಗಬೇಕು. ವಯಸ್ಸು ಇಲ್ಲಿ ಲೆಕ್ಕಕ್ಕಿಲ್ಲ, ತಿಂಗಳು ಮತ್ತು ದಿನ ಮಾತ್ರ. ಶಾಲೆಗೆ ಸೇರಿಸುವ ದಿನ ಮಾಸ್ತರರು ಬರೆದ ತಾರೀಕನ್ನೇ ಜನ್ಮದಿನವೆಂದು ನಂಬಿ ಬದುಕಿದ ನಮ್ಮ ಹಿರಿಯರು ಈ ನಿಯಮವನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ.

ಆದರೆ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ರೋಗದ ಕೋಡು. ಕಾಯಿಲೆಯ ಹೆಸರಿಲ್ಲದೆ ವಿಮೆ ಹಣ ಕೊಡುವುದಿಲ್ಲ. ಸಾಮಾನ್ಯೀಕೃತ ಆತಂಕಕ್ಕೆ ಎಫ್41.1 ಎಂದು ಬರೆದರೆ ಕ್ಲೈಮು ನಡೆಯುತ್ತದೆ, ಗಂಡ ಹೆಂಡತಿಯ ನಡುವಿನ ಮನಸ್ತಾಪಕ್ಕೆ ಝಡ್63.0 ಮಾತ್ರ ಬರೆದರೆ ಬಹುಮಟ್ಟಿಗೆ ನಡೆಯುವುದಿಲ್ಲ. ಹಾಗೆಂದು ಕನಿಕರಪಟ್ಟು ಇಲ್ಲದ ಕಾಯಿಲೆಯನ್ನು ಬರೆದರೆ ಅದು ವಂಚನೆ, ಮೇಲಾಗಿ ಆ ಹೆಸರು ಆ ಮನುಷ್ಯನ ದಾಖಲೆಯಲ್ಲಿ ಉಳಿದುಬಿಡುತ್ತದೆ. ಖರ್ಚು ನಿಮ್ಮದೇ ಆಗಬಹುದೆಂದು ಮೊದಲ ದಿನವೇ ಬಾಯಿಬಿಟ್ಟು ಹೇಳುವುದೊಂದೇ ದಾರಿ. 2022ರಿಂದ ವಿಮೆ ಇಲ್ಲದವರಿಗೆ, ವಿಮೆ ಬಳಸದೆ ಕೈಯಿಂದ ಕೊಡುವವರಿಗೆ ಅಂದಾಜು ವೆಚ್ಚವನ್ನು ಮುಂಚಿತವಾಗಿ ಬರೆದು ಕೊಡಬೇಕೆಂಬ ಕಾನೂನೂ ಇಲ್ಲಿದೆ.

ಇದೇ ವಾರ ಊರಿನಿಂದ ದೊಡ್ಡಮ್ಮ ಫೋನ್ ಮಾಡಿದ್ದರು. ಮಗಳನ್ನು ಮಂಗಳೂರಿಗೆ ಕೌನ್ಸೆಲಿಂಗಿಗೆ ಕರೆದುಕೊಂಡು ಹೋಗುತ್ತಿದ್ದಾರಂತೆ. ವಿಮೆಯಿಂದ ಏನಾದರೂ ಸಿಗಬಹುದೇ ಎಂದು ಕೇಳಿದರು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆಂದು ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳಿದೆಯೆಂದೂ, ಆದರೆ ಅಲ್ಲಿನ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದವರಿಗೇ ಹೊರತು ಬಂದು ಹೋಗುವವರಿಗೆ ಅಲ್ಲವಾದ್ದರಿಂದ ಪಾಲಿಸಿಯಲ್ಲಿ ಓಪಿಡಿ ಸೇರಿದೆಯೇ ಎಂದು ಮೊದಲು ನೋಡಬೇಕೆಂದೂ ಹೇಳಿದೆ. ಸೇರಿದ್ದರೆ, ದಿನಾಂಕ, ವೈದ್ಯರ ನೋಂದಣಿ ಸಂಖ್ಯೆ, ಕಾಯಿಲೆಯ ಹೆಸರು ಇರುವ ರಶೀದಿಗಳನ್ನು ಕೇಳಿ ತೆಗೆದಿಡಿ ಎಂದೆ.

"ರಶೀದಿಯಾ? ಹೆಸರು, ಕಾಯಿಲೆ ಏನೂ ಬರೆಯಬೇಡಿ ಅಂತ ನಾನೇ ಹೇಳಿ ಬಂದಿದ್ದೇನೆ ಮಾರಾಯ್ತಿ. ನಾಳೆ ಜಾತಕ ಹೊರಡಿಸಬೇಕಲ್ಲ" ಎಂದರು.

ಹಾಗಿದ್ದರೆ ಕ್ಲೈಮು ಆಗುವುದಿಲ್ಲ ದೊಡ್ಡಮ್ಮ, ಎಂದೆ. ಆಗದಿದ್ದರೆ ಬೇಡ, ಅಡಿಕೆಗೆ ಈ ವರ್ಷ ಒಳ್ಳೆಯ ಕ್ರಯ ಇದೆ, ಕೈಯಿಂದಲೇ ಕೊಡುತ್ತೇವೆ ಎಂದರು.