ಸಾಲ ‘ಕ್ಲೋಸ್’ ಆಯಿತು ಎನ್ನುವ ಮೊದಲು

ಬ್ಯಾಂಕಿನ ಸಾಲ ವಿಭಾಗದಲ್ಲಿ ನನ್ನ ಕಿವಿಗೆ ಅತಿ ಹೆಚ್ಚು ಬೀಳುವ ಇಂಗ್ಲಿಷ್ ಪದ ‘ಕ್ಲೋಸ್’. ಕೊನೆಯ ಕಂತು ಕಟ್ಟಿದವರೆಲ್ಲ ಸಾಲ ಕ್ಲೋಸ್ ಆಯಿತು ಎನ್ನುತ್ತಾರೆ. ಎಷ್ಟೋ ಸಲ ಹಣ ತೀರಿರುತ್ತದೆ, ಋಣ ತೀರಿರುವುದಿಲ್ಲ.

ಮೊಬೈಲಿನಲ್ಲಿ ಕಾಣುವ ಬಾಕಿಯನ್ನಷ್ಟೇ ಕಟ್ಟಿ ಹೋಗುವವರಿದ್ದಾರೆ. ಬಡ್ಡಿ ದಿನದ ಲೆಕ್ಕದಲ್ಲಿ ಬೆಳೆಯುತ್ತದೆ, ಖಾತೆಗೆ ಏರುವುದು ಸಾಮಾನ್ಯವಾಗಿ ತಿಂಗಳ ಕೊನೆಗೆ. ಹಾಗಾಗಿ ಚಿಲ್ಲರೆ ಮೊತ್ತವೊಂದು ಉಳಿದು ಖಾತೆ ಜೀವಂತವಾಗಿರುತ್ತದೆ. ಕಟ್ಟುವ ದಿನದ ಪೂರ್ಣ ಮೊತ್ತವನ್ನು ಶಾಖೆಯಿಂದ ಬರವಣಿಗೆಯಲ್ಲಿ ಪಡೆಯಿರಿ.

ಕಿಸಾನ್ ಕ್ರೆಡಿಟ್ ಕಾರ್ಡಿನ ವಿಷಯ ಇನ್ನೂ ಸೂಕ್ಷ್ಮ. ಅದು ಕಟ್ಟಿ ಮತ್ತೆ ತೆಗೆಯುವ ಸಾಲ. ಬಾಕಿ ಸೊನ್ನೆಯಾದರೂ ಮಿತಿ ಹಾಗೇ ಇರುತ್ತದೆ, ಪಹಣಿಯಲ್ಲಿ ಬೋಜವೂ, ಅಂದರೆ ಜಮೀನಿನ ಮೇಲಿನ ಸಾಲದ ನಮೂದೂ, ಹಾಗೇ ಇರುತ್ತದೆ. ಖಾತೆ ಮುಚ್ಚಲು ರೈತರೇ ಅರ್ಜಿ ಕೊಟ್ಟು, ಬೇಬಾಕಿ ಪತ್ರ ಪಡೆದು, ಪಹಣಿಯ ಋಣದ ಕಲಂ ಖಾಲಿಯಾಗಿದೆಯೇ ಎಂದು ನೋಡಬೇಕು. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗಲೋ ಜಮೀನು ಮಾರುವಾಗಲೋ ಹಳೆಯ ಬೋಜ ಕಂಡು ಕಂಗಾಲಾದವರನ್ನು ನೋಡಿ ನನಗೆ ಸಂಕಟವಾಗಿದೆ. ವಾಹನ ಸಾಲವಾದರೆ ನಮೂನೆ 35 ಮತ್ತು ನಿರಾಕ್ಷೇಪಣಾ ಪತ್ರ ಪಡೆದು, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು.

ಗೃಹಸಾಲವೂ ಸೇರಿದಂತೆ ವೈಯಕ್ತಿಕ ಸಾಲಗಳಿಗೆ ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಒಳ್ಳೆಯ ನಿಯಮ ತಂದಿತು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಿ, ನೋಂದಣಿಯಾದ ಋಣಭಾರವನ್ನೂ ತೆಗೆಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದನ್ನು ಕೇಳಲು ಸಂಕೋಚಪಡಬೇಡಿ.

ಅವಧಿಗೆ ಮುನ್ನ ಸಾಲ ತೀರಿಸುವುದನ್ನು ನಮ್ಮ ಬ್ಯಾಂಕುಗಳು ‘ಫೋರ್‌ಕ್ಲೋಷರ್’ ಎನ್ನುತ್ತವೆ. ಅಮೆರಿಕದಲ್ಲಿ ಅದೇ ಪದಕ್ಕೆ ಸಾಲ ಕಟ್ಟದವರ ಮನೆ ವಶಪಡಿಸಿಕೊಳ್ಳುವುದು ಎಂಬ ಅರ್ಥ. ಅಲ್ಲಿರುವ ಮಕ್ಕಳು ತಂದೆಯ ಪತ್ರದಲ್ಲಿ ಈ ಪದ ಕಂಡು ಗಾಬರಿಯಾಗುವುದುಂಟು.

ನನಗೆ ನಿಜಕ್ಕೂ ಸಿಟ್ಟು ಬರುವುದು ‘ಸೆಟಲ್’ ಎಂಬುದನ್ನು ‘ಕ್ಲೋಸ್’ ಎಂದು ಮಾರುವವರ ಮೇಲೆ. ವಸೂಲಿಗೆ ಬಂದವರು ‘ಅರ್ಧ ಕಟ್ಟಿ, ಕ್ಲೋಸ್ ಮಾಡಿಕೊಡುತ್ತೇವೆ’ ಎಂದು ಹೇಳಿಬಿಡುತ್ತಾರೆ. ಅದು ರಾಜಿ ತೀರುವಳಿ. ಬ್ಯಾಂಕು ತನ್ನ ಪಾಲಿನ ಒಂದಷ್ಟನ್ನು ಬಿಟ್ಟುಕೊಟ್ಟಿತು ಎಂದೇ ಅದರ ಅರ್ಥ, ನಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್‌ನಂತಹ ವರದಿಗಳಲ್ಲಿ ದಾಖಲಾಗುವುದೂ ಹಾಗೆಯೇ. ಮುಂದೆ ಮನೆಗೆ ಸಾಲ ಕೇಳಿದಾಗ ಆ ಒಂದು ಪದ ಅಡ್ಡ ಬರುತ್ತದೆ. ಬೆಳೆ ಹೋದವರು, ಕಾಯಿಲೆಯಿಂದ ಸೋತವರು ರಾಜಿ ಮಾಡಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ, ಆದರೆ ತಿಳಿದು ಸಹಿ ಹಾಕಬೇಕು. ಮುಂದೆ ಕೈಯಲ್ಲಿ ಹಣ ಕೂಡಿದಾಗ, ಬಿಟ್ಟ ಮೊತ್ತವನ್ನು ಕಟ್ಟಿ ದಾಖಲೆ ಬದಲಿಸಿಕೊಡುವಿರಾ ಎಂದು ಅದೇ ಬ್ಯಾಂಕನ್ನು ಕೇಳಬಹುದು. ಒಪ್ಪಿದರೆ, ಒಪ್ಪಿಗೆಯ ಪತ್ರ ಕೈಗೆ ಬಂದ ಮೇಲೆಯೇ ಹಣ ಕಟ್ಟಿ.